ದುಡಿದವರ ಮುಪ್ಪಿಗೆ ಗಂಟೆಲ್ಲಿ?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಅರಿಯದ ಕನ್ನಡ ಮನೆ ಇರಲಾರದು. ಮಿತವ್ಯಯದ ಮಹಿಮೆಯನ್ನು ಸಾರುವ ಇಂತಹ ನುಡಿಗಳು ನಮ್ಮಲ್ಲಿ ಹೇರಳವಾಗಿವೆ. ನಾವು ಅಧ್ಯಾಪಕರು ಅವುಗಳನ್ನು ವರ್ಷ ವರ್ಷವೂ ಪಾಠ ಹೇಳುತ್ತಲೂ ಇದ್ದೇವೆ. ಹೀಗಿದ್ದರೂ ನಲವತ್ತು ಐವತ್ತು ವರ್ಷ ಮೈಮುರಿದು ದುಡಿದ ಕೂಲಿಗಾರನು ಮುಪ್ಪಿನಲ್ಲಿ ಬರಿಗೈಯವನಾಗಿ ಕುಳಿತುದನ್ನು ನಮ್ಮ ಊರುಕೇರಿಗಳಲ್ಲಿ ಕಾಣದವರಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ, ಕುಡಿತ, ಮದುವೆಯ ಆಡಂಬರ, ನೇಮಕೋಲಗಳ ಖರ್ಚು, ನಾಳೆಯ ಚಿಂತೆಯಿಲ್ಲದ ಸ್ವಭಾವ ಎಂದು ಮುಂತಾಗಿ ಸಿದ್ಧವಾದ ಉತ್ತರಗಳು ದೊರೆಯುತ್ತವೆ. ಈ ದೋಷಗಳು ಕೆಲವರಲ್ಲಿ ಇದ್ದಿರಬಹುದು. ಆದರೆ ಇತಿಹಾಸದ ಲೆಕ್ಕವನ್ನು ಬಿಡಿಸಿ ನೋಡಿದರೆ ಬೇರೊಂದು ಉತ್ತರವು ತೋರುತ್ತದೆ. ಕೂಲಿಯೊಳಗೆ ಮುಪ್ಪಿನ ಪಾಲನ್ನು ಸೇರಿಸಿ ಎಣಿಸಿದ ಕಡೆಗಳಲ್ಲಿ ಕಾರ್ಮಿಕನ ಮುಪ್ಪಿಗೆ ಗಂಟು ಉಳಿದಿದೆ. ಎಣಿಸದ ಕಡೆಗಳಲ್ಲಿ ಎಷ್ಟು ಮಿತವ್ಯಯಿಯಾದರೂ ಅವನಿಗೆ ಉಳಿದುದು ಅತ್ಯಲ್ಪ. ಈ ಮಾತನ್ನು ನಮ್ಮ ಕಾಸರಗೋಡು ಸೀಮೆಯ, ಹಾಗೂ 1956ರ ನವೆಂಬರ್ 1ರವರೆಗೆ ಅದು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆಯಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮೊದಲು ಹಳೆಯ ಕಾಲವನ್ನು ನೋಡೋಣ. ಭೂಮಿಯೇ ಬದುಕಿಗೆ ಆಧಾರವಾಗಿದ್ದ ಆ ದಿನಗಳಲ್ಲಿ ಉಳಿತಾಯವೆಂದರೆ ನಾಣ್ಯವಲ್ಲ. ಗದ್ದೆ, ತೋಟ, ಮನೆ, ಕೂಡುಕುಟುಂಬ. ಅಳಿಯಸಂತಾನದ ಮನೆಯಾಗಲಿ ಮಕ್ಕಳಸಂತಾನದ ಮನೆಯಾಗಲಿ, ಹಿರಿಯರಿಗೆ ಚಾವಡಿಯಲ್ಲಿ ಸ್ಥಾನವಿತ್ತು, ಒಲೆಯ ಮೇಲಿನ ಅನ್ನದಲ್ಲಿ ಪಾಲಿತ್ತು. ಆದರೆ ಭೂಮಿಯಿಲ್ಲದ ಆಳಿನ ಗತಿ ಏನಾಗಿತ್ತು? 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮಲಬಾರಿನ ಕೃಷಿದಾಸರಿಗೆ ಅಳೆದು ಕೊಡುತ್ತಿದ್ದ ಧಾನ್ಯದ ಲೆಕ್ಕವನ್ನು ಬರೆದಿಟ್ಟಿದ್ದಾನೆ. ದುಡಿಯುವವರಿಗೆ ಕೊಡುತ್ತಿದ್ದುದೇ ಅಲ್ಪ. ದುಡಿಮೆಯ ಶಕ್ತಿ ಕುಂದಿದ ವೃದ್ಧರಿಗೂ ಮಕ್ಕಳಿಗೂ ಅದರಲ್ಲಿ ಅರ್ಧ ಮಾತ್ರ. ಮನುಷ್ಯನನ್ನು ಮನುಷ್ಯನು ಆಳಾಗಿ ಇಟ್ಟುಕೊಂಡಿದ್ದ ಆ ಕ್ರೂರ ಪದ್ಧತಿಯನ್ನು ಯಾರೂ ಹೊಗಳಲಾರರು. ಆದರೂ ಒಂದು ಸಂಗತಿ ಗಮನಾರ್ಹವಾಗಿದೆ. ಧನಿಯ ಕಣಜದ ಲೆಕ್ಕದಲ್ಲಿ ಆಳಿನ ಮುಪ್ಪಿಗೆಂದು ಅರ್ಧ ಪಾಲಾದರೂ ಬರೆದಿತ್ತು.

1843ರ ಐದನೆಯ ಕಾಯಿದೆಯಿಂದ ಕಂಪೆನಿ ಸರಕಾರದ ನ್ಯಾಯಾಲಯಗಳು ದಾಸ್ಯವನ್ನು ಮಾನ್ಯ ಮಾಡುವುದು ನಿಂತಿತು. ಕಾಯಿದೆಯ ಕಣ್ಣಿಗೆ ಆಳು ಸ್ವತಂತ್ರನಾದನು. ವಾಸ್ತವದಲ್ಲಿ ಆ ಬಂಧನ ಕಳಚಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಕ್ರಮೇಣ ಆಳು ಕೂಲಿಗಾರನಾದಂತೆ ಅವನಿಗೆ ಸಂದಾಯವಾಗುತ್ತಿದ್ದುದು ಆ ದಿನದ ದುಡಿಮೆಗೆ ಆ ದಿನದ ಕೂಲಿ. ದುಡಿಯಲಾರದ ದಿನಕ್ಕೆ ಏನೂ ಇಲ್ಲ. ದಾಸ್ಯವು ಅಳಿದುದು ನ್ಯಾಯವೇ ಸರಿ. ಆದರೆ ಅದರೊಡನೆ ಮುಪ್ಪಿನ ಅರ್ಧ ಪಾಲೂ ಅಳಿಯಿತು. ಅದರ ಸ್ಥಾನದಲ್ಲಿ ಕೂಲಿಯೊಳಗೆ ಬೇರೆ ಪಾಲು ಸೇರಲಿಲ್ಲ. ಇಲ್ಲಿಂದಲೇ ನಮ್ಮ ವಿಷಯದ ಗಂಟು ಬಿಗಿಯುತ್ತದೆ.

ಕಾರ್ಖಾನೆಗಳು ಬಂದಾಗಲೂ ಈ ರೀತಿಯೇ ಮುಂದುವರಿಯಿತು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಡಗಳಲ್ಲಿ ಹಂಚಿನ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಗೋಡಂಬಿ, ಬೀಡಿ, ನೇಯ್ಗೆ ಮುಂತಾದ ಉದ್ಯಮಗಳೂ ಬೆಳೆದವು. ಈ ಕಾಲದ ಭಾರತೀಯ ಕಾರ್ಮಿಕನ ಸ್ಥಿತಿಯನ್ನು ಕುರಿತು 1929ರಲ್ಲಿ ನೇಮಕವಾದ ವ್ಹಿಟ್ಲಿ ಆಯೋಗವು 1931ರಲ್ಲಿ ವರದಿಯನ್ನೊಪ್ಪಿಸಿತು. ಬಹುಪಾಲು ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕಾರ್ಮಿಕರು ಸಾಲದಲ್ಲಿ ಮುಳುಗಿದ್ದಾರೆಂದೂ, ಹೆಚ್ಚಿನವರ ಸಾಲವು ಮೂರು ತಿಂಗಳ ವೇತನವನ್ನು ಮೀರಿದೆಯೆಂದೂ ಆ ವರದಿ ಹೇಳಿತು. ಮೂರು ತಿಂಗಳ ಸಂಬಳವನ್ನು ಮುಂಗಡವಾಗಿಯೇ ತಿಂದು ಮುಗಿಸಿದವನಿಗೆ ಉಳಿತಾಯದ ಉಪದೇಶದಿಂದ ಏನು ಪ್ರಯೋಜನ? ಹಾಸಿಗೆಯಿದ್ದಷ್ಟು ಕಾಲು ಚಾಚೆಂದರೆ, ಇವನ ಹಾಸಿಗೆಯೇ ಮೊಣಕಾಲಿನವರೆಗೆ.

ಇದೇ ಕಾಲದಲ್ಲಿ ಸರಕಾರೀ ನೌಕರನ ಲೆಕ್ಕ ಬೇರೆಯಾಗಿತ್ತು. ಅವನ ಪಿಂಚಣಿಯ ಹಕ್ಕನ್ನು ಕುರಿತು 1871ರಲ್ಲಿಯೇ ಕಾಯಿದೆಯಾಗಿತ್ತು. ಸರಕಾರದ ಹಾಗೂ ರೈಲ್ವೆಯ ನೌಕರರ ಪ್ರಾವಿಡೆಂಟ್ ಫಂಡುಗಳನ್ನು ರಕ್ಷಿಸಲು 1925ರಲ್ಲಿ ಇನ್ನೊಂದು ಕಾಯಿದೆಯಾಯಿತು. ಗುಮಾಸ್ತನು ಕೂಲಿಗಾರನಿಗಿಂತ ಸ್ವಭಾವತಃ ಮಿತವ್ಯಯಿಯೆಂದಲ್ಲ. ಅವನ ಹೆಸರು ಸೇವಾ ಪುಸ್ತಕದಲ್ಲಿ ಬರೆದಿತ್ತು; ಅವನ ಮುಪ್ಪನ್ನು ಅವನ ಪರವಾಗಿ ಬೇರೊಬ್ಬರು ಎಣಿಸಿದ್ದರು. ಅಂತರವೆಲ್ಲ ಇಷ್ಟೇ; ಆದರೆ ಇದು ಸಣ್ಣ ಅಂತರವಲ್ಲ.

ಬಡವನು ಉಳಿಸಲಾರನೆಂದು ಕೈಚೆಲ್ಲಿ ಕುಳಿತ ಜಿಲ್ಲೆ ನಮ್ಮದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1882ರಲ್ಲಿ ಭಾರತದಲ್ಲಿ ಅಂಚೆ ಕಚೇರಿಯ ಉಳಿತಾಯ ಬೇಂಕು ಆರಂಭವಾಯಿತು. ಆದರೆ ಕೂಲಿಗಾರನಿಗೆ ಅಂಚೆ ಕಚೇರಿಯ ಮೆಟ್ಟಿಲು ಹತ್ತಲು ಬಿಡುವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಇವರು ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕೆನರಾ ಇಂಡಸ್ಟ್ರಿಯಲ್ ಎಂಡ್ ಬೇಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬೇಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬೇಂಕಿನಲ್ಲಿ ಲೀನವಾದುದು ಇದೇ ಸಂಸ್ಥೆ. ಇವರು 1928ರಲ್ಲಿ ಪಿಗ್ಮಿ ಠೇವಣಿಯ ಯೋಜನೆಯನ್ನು ತೊಡಗಿದರು. ಬೇಂಕಿನ ಏಜೆಂಟನು ಬಾಗಿಲು ಬಾಗಿಲಿಗೂ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಚೀಟಿ ಕೊಟ್ಟು ಹೋಗುವ ಏರ್ಪಾಡು ಅದು. ದಿನವೂ ಎರಡಾಣೆಯಂತೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆಯಾಗುತ್ತದೆ. ಆ ಕಾಲಕ್ಕೆ ಇದು ಬಡವನ ಪಾಲಿಗೆ ಚಿಕ್ಕ ಗಂಟಲ್ಲ. ಮೀನು ಮಾರುವವರೂ ನೇಕಾರರೂ ಸಣ್ಣ ಅಂಗಡಿಯವರೂ ಹೀಗೆ ಹಣ ಕೂಡಿಸಿ, ಬಡವನಿಗೆ ಉಳಿಸುವ ಮನಸ್ಸಿಲ್ಲವೆಂಬ ಮಾತು ಸುಳ್ಳೆಂದು ತೋರಿಸಿಕೊಟ್ಟರು.

ಆದರೆ ಈ ಗಂಟು ಮುಪ್ಪಿನವರೆಗೆ ಉಳಿಯಲು ಸಾಧ್ಯವಿತ್ತೆ? ಮಳೆಗಾಲದಲ್ಲಿ ಕೆಲಸವಿಲ್ಲದಾಗ, ಮನೆಯ ಮಾಡು ಸೋರಿದಾಗ, ಮಗಳ ಮದುವೆ ಕೂಡಿಬಂದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ ಕೈಗೆ ಸಿಗುವ ಹಣ ಅದೊಂದೇ. ಚೀಟಿ, ಕುರಿಗಳ ಹಣವೂ, ಕಿವಿಯ ಓಲೆಯೂ ಇದೇ ದಾರಿಯಲ್ಲಿ ಹೋಗುತ್ತಿದ್ದುವು. ಇದನ್ನು ದುಂದುಗಾರಿಕೆಯೆನ್ನಲಾಗದು, ಬೇರೆ ಆಸರೆಯಿಲ್ಲದವನು ಇದ್ದ ಒಂದೇ ಆಸರೆಯನ್ನು ಬಳಸಿದನು. ಇನ್ನೊಂದು ಸೋಜಿಗವನ್ನೂ ಹೇಳದಿರಲಾಗದು. ಊರವರ ಉಳಿತಾಯವನ್ನು ದಿನವೂ ಕೂಡಿಸಿ ತಂದ ಏಜೆಂಟರು ಸಂಬಳದವರಲ್ಲ, ಕಮಿಶನಿನವರು. ಅವರ ಸ್ವಂತ ಮುಪ್ಪಿಗೆ ಬೇಂಕು ಹೊಣೆಯಾಗಿರಲಿಲ್ಲ. ಇಂತಹ ಠೇವಣಿ ಸಂಗ್ರಾಹಕರೂ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟುದು 2001ರಲ್ಲಿ. ಎಂದರೆ ಪಿಗ್ಮಿಯ ಜನನವಾಗಿ ಎಪ್ಪತ್ತು ವರ್ಷಗಳು ದಾಟಿದ ಮೇಲೆ.

ಸ್ವಾತಂತ್ರ್ಯಾನಂತರ ಈ ಲೆಕ್ಕದಲ್ಲಿ ಮಹತ್ತ್ವದ ತಿರುವು ಬಂದಿತು. 1951ರ ನವೆಂಬರ್ 15ರಂದು ಹೊರಟ ಸುಗ್ರೀವಾಜ್ಞೆಯೂ ಅದರ ಸ್ಥಾನದಲ್ಲಿ ಬಂದ 1952ರ ನೌಕರರ ಪ್ರಾವಿಡೆಂಟ್ ಫಂಡ್ ಕಾಯಿದೆಯೂ ಕಾರ್ಖಾನೆಯ ಕಾರ್ಮಿಕನ ಮುಪ್ಪನ್ನು ಪ್ರಥಮ ಬಾರಿಗೆ ಕಡ್ಡಾಯವಾಗಿ ಎಣಿಸಿದುವು. ಕಾರ್ಮಿಕನಿಂದ ವೇತನದ ನೂರಕ್ಕೆ ಆರೂಕಾಲು, ಮಾಲಿಕನಿಂದಲೂ ಅಷ್ಟೇ ಎಂಬುದು ಮೊದಲಿನ ನಿಯಮ. ನೂರಕ್ಕೆ ಆರೂಕಾಲೆಂದರೆ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ. ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆಯನ್ನು ಕಟ್ಟುತ್ತಿದ್ದವನು ಕೂಲಿಗಾರನೊಬ್ಬನೇ. ಇಲ್ಲಿ ರೂಪಾಯಿಗೆ ಎರಡಾಣೆ ಕೂಡಿದರೂ ಅದರಲ್ಲಿ ಒಂದಾಣೆ ಮಾಲಿಕನದು. ಮೇಲಾಗಿ ಆ ಹಣ ಸೋರುವ ಮಾಡಿಗೆ ಸುಲಭವಾಗಿ ಹರಿದುಹೋಗದಂತೆ ಕಟ್ಟೆ ಕಟ್ಟಲಾಗಿತ್ತು. ಉಪದೇಶ ಮಾಡದಿದ್ದುದನ್ನು ಈ ಎರಡನೆಯ ಆಣೆ ಮಾಡಿತು.

ಆದರೆ ಕಾಯಿದೆಯ ಬಾಗಿಲು ಕಿರಿದಾಗಿತ್ತು. ಆರಂಭದಲ್ಲಿ ಅದು ಸಿಮೆಂಟು, ಸಿಗರೇಟು, ಇಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಕೈಗಾರಿಕೆಗಳಿಗೆ, ಅದರಲ್ಲಿಯೂ 50 ಮಂದಿಗೆ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1960ರಲ್ಲಿ ಈ ಸಂಖ್ಯೆಯನ್ನು 20ಕ್ಕೆ ಇಳಿಸಲಾಯಿತು. ವಾಚಕರು ಒಂದು ಮಾತನ್ನು ಗಮನಿಸಬೇಕು. ಪಟ್ಟಿಯಲ್ಲಿ ಸಿಗರೇಟು ಇತ್ತು, ಬೀಡಿ ಇರಲಿಲ್ಲ. ನಮ್ಮ ಕಡೆಯ ಸಾವಿರಾರು ಮನೆಗಳಲ್ಲಿ ಒಲೆ ಉರಿದುದು ಬೀಡಿಯಿಂದ.

ಆದುದರಿಂದ ಬೀಡಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಬೀಡಿ ಕಾರ್ಮಿಕರಿಗೆಂದೇ ಪಾರ್ಲಿಮೆಂಟು 1966ರಲ್ಲಿ ಒಂದು ಕಾಯಿದೆಯನ್ನು ಮಾಡಿತು. 1968ರಲ್ಲಿ ಕೇರಳ ಸರಕಾರವು ಅದನ್ನು ಜಾರಿಗೆ ತಂದಾಗ, ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಉತ್ತರ ಕೇರಳದಲ್ಲಿದ್ದ ತಮ್ಮ ಕೆಲಸದ ಶಾಲೆಗಳನ್ನು ಮುಚ್ಚಿದುವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಈ ಸಂಕಟದಿಂದಲೇ 1969ರಲ್ಲಿ ಕಣ್ಣೂರನ್ನು ಕೇಂದ್ರವಾಗುಳ್ಳ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘವು ಹುಟ್ಟಿತು. ಅದರ ಪ್ರಾಥಮಿಕ ಸಂಘಗಳು ಕಾಸರಗೋಡಿನ ಕಡೆಗೂ ಹಬ್ಬಿದುವು. ಉನ್ನತಿಯ ಕಾಲದಲ್ಲಿ ಅದರಲ್ಲಿ 40,000ಕ್ಕೂ ಮಿಕ್ಕ ಕಾರ್ಮಿಕರಿದ್ದರು. ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿರಲು ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದ ಆ ಶಾಲೆಗಳಲ್ಲಿ ರಜೆ, ಬೋನಸ್ಸುಗಳೊಡನೆ ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ಪಿಂಚಣಿಗಳ ಏರ್ಪಾಡೂ ಬಂದಿತು. ಕೆಲಸ ಹಿಂದಿನ ಬೀಡಿಯೇ, ಕೈಗಳೂ ಹಿಂದಿನವೇ. ಬದಲಾದುದು ಲೆಕ್ಕದ ಪುಸ್ತಕ. ಮುಂದೆ ಧೂಮಪಾನವು ಇಳಿಮುಖವಾದಾಗ ಈ ಸಂಘವೂ ಕುಗ್ಗಿ, ಆಹಾರ ಪದಾರ್ಥ, ಕೊಡೆ ಮುಂತಾದ ಇತರ ಉದ್ಯಮಗಳತ್ತ ತಿರುಗಬೇಕಾಯಿತು. ಅದು ಆರೋಗ್ಯದ ದೃಷ್ಟಿಯಿಂದ ಸ್ವಾಗತಾರ್ಹವೇ. ಆದರೆ ಕಟ್ಟಿದವರ ಹಕ್ಕು ಅದರಿಂದ ಸಣ್ಣದಾಗುವುದಿಲ್ಲ.

ಶಾಲೆಯಲ್ಲಿ ಕುಳಿತು ಕಟ್ಟಿದವರಿಗೆ ಹೀಗೆ ದಾರಿಯಾಯಿತು. ಆದರೆ ಮಂಜೇಶ್ವರ, ಕುಂಬಳೆಗಳ ಕಡೆಯಲ್ಲಿ, ಹೊಳೆಯಾಚೆ ಬಂಟವಾಳ, ಪುತ್ತೂರುಗಳಲ್ಲಿ ಬೀಡಿ ಕಟ್ಟಿದವರು ಬಹುಪಾಲು ಹೆಂಗಸರು. ಕಟ್ಟಿದುದು ಮನೆಯ ಜಗಲಿಯಲ್ಲಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲುಗಳನ್ನು ತಂದು, ಮನೆಗೆಲಸದ ನಡುವೆ ಕತ್ತರಿಸಿ, ಸುರುಟಿ, ಕಟ್ಟಿ, ಮರಳಿ ಬ್ರಾಂಚಿಗೆ ಒಪ್ಪಿಸುವವರು ಅವರು. ಇವರು ನಮ್ಮ ನೌಕರರೇ ಅಲ್ಲ, ನಾವು ಗುತ್ತಿಗೆದಾರನನ್ನು ಮಾತ್ರ ಬಲ್ಲೆವು ಎಂಬುದು ಮಾಲಿಕರ ವಾದವಾಗಿತ್ತು. ಈ ವಾದವು ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತು. 1966ರ ಕಾಯಿದೆಯನ್ನು ಸುಪ್ರೀಂ ಕೋರ್ಟು 1974ರಲ್ಲಿ ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮವನ್ನು ಪ್ರಾವಿಡೆಂಟ್ ಫಂಡಿನ ಕಾಯಿದೆಗೆ ಸೇರಿಸಲಾಯಿತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುವುದೆ ಎಂಬ ಪ್ರಶ್ನೆಗೆ 1985ರಲ್ಲಿ ಉತ್ತರ ದೊರೆಯಿತು. ಆ ತೀರ್ಪಿನ ತರ್ಕವು ಅತ್ಯಂತ ಸ್ವಾರಸ್ಯವಾದುದು. ತಂದೊಪ್ಪಿಸಿದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರವು ಮಾಲಿಕನಿಗೆ ಇರುವುದರಿಂದ ಕೆಲಸದ ಹತೋಟಿಯೂ ಅವನದೇ; ಆದುದರಿಂದ ಕಟ್ಟುವವಳು ಅವನ ನೌಕರಳೇ ಎಂದು ನ್ಯಾಯಾಲಯವು ನಿರ್ಣಯಿಸಿತು. ಬ್ರಾಂಚಿನಲ್ಲಿ ಬೀಡಿಯನ್ನು ಆರಿಸಿ ಎಸೆಯುವಾಗ ನಮ್ಮ ತಾಯಂದಿರು ಯಾವುದನ್ನು ಅವಮಾನವೆಂದು ನುಂಗಿಕೊಂಡರೋ ಅದೇ ಅವರ ಹಕ್ಕಿಗೆ ಸಾಕ್ಷಿಯಾಯಿತು.

ಇಷ್ಟಾದರೂ ಕೈಗೆ ಬಂದುದು ಎಷ್ಟು? ಇತರ ಹಲವು ಉದ್ಯಮಗಳಲ್ಲಿ ವಂತಿಗೆಯು 1997ರಿಂದ ನೂರಕ್ಕೆ 12ಕ್ಕೆ ಏರಿದರೂ ಬೀಡಿಯಲ್ಲಿ ಅದು 10ರಲ್ಲಿಯೇ ನಿಂತಿತು. 1995ರ ನವೆಂಬರಿನಿಂದ ನೌಕರರ ಪಿಂಚಣಿ ಯೋಜನೆಯು ಜಾರಿಗೆ ಬಂದಿತು. ಹತ್ತು ವರ್ಷಗಳ ಸೇವೆಯಿದ್ದವರಿಗೆ 58ನೆಯ ವಯಸ್ಸಿನಿಂದ ಪಿಂಚಣಿ. ಕೊನೆಯ ಕಾಲದ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕೆಂಬುದು ಸೂತ್ರ. ಉದಾಹರಣೆಗೆ, ಸರಾಸರಿ ವೇತನ 3,500 ರೂಪಾಯಿ, ಸೇವೆ 18 ವರ್ಷವೆಂದಾದರೆ ತಿಂಗಳಿಗೆ 900 ರೂಪಾಯಿ ಬರುತ್ತದೆ. ಇಂತಹ ಅಲ್ಪ ಪಿಂಚಣಿಗಳನ್ನು ನೋಡಿಯೇ 2014ರ ಸೆಪ್ಟೆಂಬರಿನಿಂದ 1,000 ರೂಪಾಯಿಯ ಕನಿಷ್ಠ ಮಿತಿಯನ್ನು ಗೊತ್ತುಪಡಿಸಲಾಯಿತು. ತೀರ ಕಡಿಮೆ ಕೂಲಿಯ ಮೇಲೆ ಎಣಿಸಿದ ಮುಪ್ಪು ತೀರ ಕಡಿಮೆಯೇ ಆಗುವುದು ಸಹಜ. ಇದಲ್ಲದೆ ತಾಯಿ, ಮಗಳು, ಸೊಸೆ ಮೂವರು ಕಟ್ಟಿದ ಬೀಡಿ ಒಂದೇ ಪುಸ್ತಕದಲ್ಲಿ ಒಬ್ಬಳ ಹೆಸರಿಗೆ ಬರೆದುಹೋದ ಮನೆಗಳೂ ಉಂಟು. ಹಾಗಾದಲ್ಲಿ ಮೂವರ ದುಡಿಮೆಗೆ ಒಬ್ಬಳ ಪಿಂಚಣಿ. ನಡುವೆ ಕೆಲಸ ನಿಂತಾಗ ಹಣವನ್ನೆಲ್ಲ ತೆಗೆದವರಿಗೆ ಹತ್ತು ವರ್ಷಗಳ ಸೇವೆ ತುಂಬದೆ ಪಿಂಚಣಿಯೇ ತಪ್ಪಿದುದೂ ಉಂಟು.

ಇನ್ನು ಗದ್ದೆತೋಟಗಳಲ್ಲಿ ದುಡಿದವರ ವಿಚಾರ. ಇವರಿಗೆ ಮಾಲಿಕನೂ ಒಬ್ಬನಲ್ಲ, ಹಾಜರಿ ಪುಸ್ತಕವೂ ಇಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಭೂಸುಧಾರಣೆಯಿಂದ ಧನಿಯ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪಿನವರಿಗೆ ಪಂಚಾಯತು ಪ್ರದೇಶಗಳಲ್ಲಿ ಹತ್ತು ಸೆಂಟ್ಸ್ ನೆಲವನ್ನು ಪಡೆಯುವ ಹಕ್ಕು ಬಂದಿತು. ಮುಪ್ಪಿನಲ್ಲಿ ಯಾರೂ ಎಬ್ಬಿಸಲಾರದ ನೆಲ, ಹಿತ್ತಿಲಲ್ಲಿ ನಾಲ್ಕು ತೆಂಗು, ಎರಡು ಹಲಸು: ಇದು ಭೂಮಿಯಿಲ್ಲದವನಿಗೆ ದೊರೆತ ಮೊದಲ ಗಂಟು. 1980ರಲ್ಲಿ ಕೇರಳ ಸರಕಾರವು ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿಯ ಪಿಂಚಣಿಯನ್ನು ಆರಂಭಿಸಿತು. ಕೇಂದ್ರ ಸರಕಾರವು ಬಡ ವೃದ್ಧರಿಗೆ ರಾಷ್ಟ್ರೀಯ ಪಿಂಚಣಿಯನ್ನು ತೊಡಗಿದುದು 1995ರ ಆಗಸ್ಟ್ 15ರಂದು. ಆಗ ಅದರ ಮೊತ್ತ 75 ರೂಪಾಯಿ. ಶೇಂದಿ ತೆಗೆಯುವವರಿಗೆ 1969ರಲ್ಲಿ, ಮೋಟಾರು ಕಾರ್ಮಿಕರಿಗೆ 1985ರಲ್ಲಿ, ಕಟ್ಟಡ ಕಾರ್ಮಿಕರಿಗೆ 1989ರಲ್ಲಿ, ಬೀಡಿಯವರಿಗೆ 1995ರಲ್ಲಿ ಹೀಗೆ ಕಸುಬು ಕಸುಬಿಗೂ ಕ್ಷೇಮನಿಧಿಯ ಕಾಯಿದೆಗಳನ್ನು ಈ ರಾಜ್ಯವು ಮಾಡಿತು. ಗಡಿಯ ಈಚೆ ಉಳಿದ ನಮಗೆ ಭಾಷೆಯ ವಿಷಯದಲ್ಲಿ ಎಷ್ಟೋ ಕೊರಗುಗಳಿವೆ; ಆದರೂ ದುಡಿಯುವವರ ಮುಪ್ಪನ್ನು ಎಣಿಸುವ ವಿಷಯದಲ್ಲಿ ಕೇರಳವು ಮುಂದಾಗಿ ನಡೆದುದನ್ನು ಒಪ್ಪಿಕೊಳ್ಳುವುದು ನ್ಯಾಯ.

ಈಗಿನ ತಲೆಮಾರಿನ ಸ್ಥಿತಿ ಹೇಗಿದೆ? ಬೀಡಿಯ ಮೊರವನ್ನು ಮೂಲೆಗಿಟ್ಟ ತಾಯಂದಿರ ಮಕ್ಕಳು ಜವಳಿ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಬಾಡಿಗೆ ರಿಕ್ಷಾದಲ್ಲಿ, ಕೊಲ್ಲಿ ರಾಜ್ಯಗಳಲ್ಲಿ, ಮನೆಮನೆಗೆ ಸಾಮಾನು ಮುಟ್ಟಿಸುವ ಹೊಸ ಕಸುಬಿನಲ್ಲಿ ಇದ್ದಾರೆ. ಸಂಬಳ ಕೈಗೆ ಬರುತ್ತದೆ. ಎರಡನೆಯ ಆಣೆ ಹಲವರಿಗೆ ಇಲ್ಲ. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು, 1952ರ ಪ್ರಾವಿಡೆಂಟ್ ಫಂಡು, 1972ರ ಗ್ರಾಚ್ಯುಯಿಟಿ ಮುಂತಾದ ಒಂಬತ್ತು ಕಾಯಿದೆಗಳನ್ನು ಒಂದುಗೂಡಿಸಿತು. ಹೊಸ ಕಸುಬಿನವರನ್ನೂ ಹೆಸರಿಸಿತು. ಸ್ವಂತ ದುಡಿಮೆಯವರಿಗೆ 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನಧನ ಯೋಜನೆಗಳಿವೆ; ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಎರಡನೆಯದರಲ್ಲಿ ಕಾರ್ಮಿಕನು ಕಟ್ಟಿದಷ್ಟನ್ನೇ ಸರಕಾರವೂ ಕಟ್ಟುತ್ತದೆ. 60ರ ಬಳಿಕ ತಿಂಗಳಿಗೆ 3,000 ರೂಪಾಯಿ. ಅಟಲ್ ಯೋಜನೆಯಲ್ಲಿ 1,000 ರೂಪಾಯಿಯ ಪಿಂಚಣಿಗೆ 18ರಲ್ಲಿ ಸೇರಿದವನು ತಿಂಗಳಿಗೆ 42 ರೂಪಾಯಿ ಕಟ್ಟಿದರೆ ಸಾಕು. 40ರಲ್ಲಿ ಸೇರಿದವನು 291 ಕಟ್ಟಬೇಕು. ಕಾಲವೇ ಬಡವನ ಬಂಡವಾಳವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗಣಿತ ಬೇಡ. ಆದರೆ ಇಂದಿನ ಸಾವಿರವು ಮುಂದಿನ ಕಾಲದಲ್ಲಿ ಸಾವಿರದ ಬೆಲೆ ಬಾಳದೆಂಬುದನ್ನು ನೆನೆದು, ಇದೊಂದನ್ನೇ ನಂಬಿ ಕುಳಿತುಕೊಳ್ಳಲಾಗದು.

ಇತಿಹಾಸವು ನಮಗೆ ಕಲಿಸುವ ವ್ಯಾವಹಾರಿಕ ಪಾಠವೊಂದಿದೆ. ಹಕ್ಕು ಹುಟ್ಟಿದುದು ಪುಸ್ತಕದಲ್ಲಿ ಹೆಸರು ಬರೆದಾಗ. ಹಕ್ಕು ಕಳೆದುದು ಹೆಸರು ತಪ್ಪಿದಾಗ. ಗಡಿನಾಡಿನಲ್ಲಿ ಈ ಅಪಾಯ ಇಮ್ಮಡಿ. ಒಬ್ಬಳೇ ತಾಯಿಯ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದ ಉಚ್ಚಾರದಂತೆ, ರೇಶನ್ ಕಾರ್ಡಿನಲ್ಲಿ ಮಲೆಯಾಳದ ಉಚ್ಚಾರದಂತೆ, ಬ್ರಾಂಚಿನ ಪುಸ್ತಕದಲ್ಲಿ ಮನೆಯ ಹೆಸರು ಬಿಟ್ಟು ಮೂರನೆಯ ರೀತಿಯಲ್ಲಿ ಇರುವುದುಂಟು. ಹೆಸರು, ಹುಟ್ಟಿದ ದಿನಗಳು ತಾಳೆಯಾಗದೆ ಪ್ರಾವಿಡೆಂಟ್ ಫಂಡಿನ ಹಣ ಕೈಸೇರಲು ತಡವಾಗುತ್ತದೆ. ಆದುದರಿಂದ ಪ್ರತಿಯೊಂದು ಮನೆಯವರೂ ಹಳೆಯ ಲಾಗ್ ಬುಕ್ಕು, ಫಂಡಿನ ಚೀಟಿ, ಬ್ರಾಂಚಿನ ಗುರುತಿನ ಕಾರ್ಡುಗಳನ್ನು ಎಸೆಯದೆ ಹುಡುಕಿ ತೆಗೆದಿಡಬೇಕು, ತಾಯಿ, ಅಜ್ಜಿಯರು ಬದುಕಿರುವಾಗಲೇ ಹೆಸರುಗಳನ್ನು ಒಂದೇ ರೀತಿಗೆ ತರಿಸಬೇಕು, ನಾಮನಿರ್ದೇಶನವನ್ನು ಮಾಡಿಸಬೇಕು. 2025ರ ಜನವರಿಯಿಂದ ಫಂಡಿನ ಪಿಂಚಣಿಯನ್ನು ದೇಶದ ಯಾವ ಬೇಂಕಿನ ಶಾಖೆಯಲ್ಲಿಯೂ ಪಡೆಯಬಹುದಾದುದರಿಂದ, ಮಂಗಳೂರಿನ ಸಂಸ್ಥೆಗೆ ಕಟ್ಟಿದವರು ಗಡಿ ದಾಟಿ ಅಲೆಯಬೇಕಾದ ಕಷ್ಟ ಕಡಿಮೆಯಾಗಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ರಾಜ್ಯ ಸರಕಾರೀ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ನಮಗಿದೆ. ಕ್ಷೇಮ ಪಿಂಚಣಿಯ ಅರ್ಜಿಯೇ ಆ ಹಕ್ಕನ್ನು ಚಲಾಯಿಸಲು ತಕ್ಕ ಸ್ಥಳ. ಕನ್ನಡ ಸಂಘಗಳು ನಾಡಹಬ್ಬ, ಭಾಷಣಗಳ ಜೊತೆಗೆ ತಿಂಗಳಿಗೊಂದು ದಿನ ಇಂತಹ ಅರ್ಜಿಗಳನ್ನು ಬರೆದುಕೊಡುವ ಕೆಲಸಕ್ಕೆ ಮೀಸಲಿಟ್ಟರೆ, ಅದು ಭಾಷಾಸೇವೆಯೂ ಆಗುವುದು, ಮಾತೃಸೇವೆಯೂ ಆಗುವುದು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಪುಸ್ತಕ, ಬಟ್ಟೆ, ಬಸ್ಸಿನ ಖರ್ಚುಗಳನ್ನು ಎಷ್ಟೋ ಮನೆಗಳಲ್ಲಿ ತೆತ್ತುದು ಸಾವಿರ ಬೀಡಿಗಿಷ್ಟೆಂದು ಸಿಕ್ಕಿದ ಕೂಲಿ. ಆ ತಾಯಂದಿರು ಉಳಿಸಲಿಲ್ಲವೆನ್ನುವುದು ಸರಿಯಲ್ಲ. ಉಳಿಸಿದುದನ್ನೆಲ್ಲ ಮಕ್ಕಳಲ್ಲಿ ಇಟ್ಟರು. ಆ ಠೇವಣಿಗೆ ರಶೀದಿಯಿಲ್ಲ, ಅವಧಿಯಿಲ್ಲ, ಕೋರ್ಟಿನ ತೀರ್ಪಿಲ್ಲ. ಕಾಯಿದೆಯು ತನ್ನ ಪಾಲಿನ ಆಣೆಯನ್ನು ನೂರು ವರ್ಷ ತಡವಾಗಿಯಾದರೂ ಲೆಕ್ಕಕ್ಕೆ ಹಿಡಿದಿದೆ. ನಮ್ಮ ಪಾಲಿನ ಆಣೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಇನ್ನೂ ಉಳಿದಿದೆ.